ಅಖಾಯ: ಕಡಲಿಗೂ ಬೆಟ್ಟಕ್ಕೂ ನಡುವೆ ನಡುಗುವ ನೆಲ

ಡಿಯಾಕೊಫ್ಟೊ ಎಂಬ ಪುಟ್ಟ ಊರಿನ ರೈಲು ನಿಲ್ದಾಣದಿಂದ ಕಡಲಿಗೆ ನಡೆದೇ ಹೋಗಬಹುದು. ಸುತ್ತಲೂ ನಿಂಬೆ, ಕಿತ್ತಳೆ, ಆಲಿವ್ ತೋಟಗಳು. ಇಲ್ಲಿಂದ ಹೊರಡುವ ಪುಟಾಣಿ ರೈಲು ಸ್ವಲ್ಪ ಹೊತ್ತಿನಲ್ಲೇ ವುರಾಯ್ಕೋಸ್ ಹೊಳೆಯ ಕಮರಿಯೊಳಗೆ ನುಗ್ಗುತ್ತದೆ. ಎರಡೂ ಕಡೆ ಬಂಡೆಗಳ ಗೋಡೆ, ಕೆಳಗೆ ಕಲ್ಲಿಗೆ ಬಡಿದು ನೊರೆಯೇಳುವ ನೀರು. ಏರು ಕಡಿದಾದ ಕಡೆ ರೈಲಿನ ಅಡಿಯ ಹಲ್ಲುಗಾಲಿ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿ ಹಿಡಿಯುತ್ತದೆ. ವೇಗ ತಗ್ಗುತ್ತದೆ, ಸದ್ದು ಜೋರಾಗುತ್ತದೆ. 22 ಕಿಲೋಮೀಟರ್ ಸಾಗಿ, ಸುಮಾರು ಒಂದು ಗಂಟೆಯಲ್ಲಿ, 700 ಮೀಟರ್ ಎತ್ತರದ ಕಲಾವ್ರಿತಾ ಮುಟ್ಟುವಾಗ ಗಾಳಿಯೇ ಬೇರೆ. ಚಳಿಗಾಲದಲ್ಲಿ ಕೆಳಗಿನ ತೋಟಗಳಲ್ಲಿ ನಿಂಬೆ ಹಣ್ಣಾಗುತ್ತಿದ್ದರೆ ಮೇಲಿನ ಬೆಟ್ಟದಲ್ಲಿ ಜನ ಹಿಮದ ಮೇಲೆ ಜಾರುತ್ತಿರುತ್ತಾರೆ.

1896ರಲ್ಲಿ ಓಡಾಟ ಆರಂಭಿಸಿದ ಈ ರೈಲು ಹಾದುಹೋಗುವ ನಾಡಿನ ಹೆಸರು ಅಖಾಯ. ಕನ್ನಡ ಬೈಬಲ್ ಓದಿದವರಿಗೆ ಪೌಲನ ಪತ್ರಗಳಲ್ಲಿ ಈ ಹೆಸರು ಸಿಕ್ಕಿರುತ್ತದೆ. ಟ್ರಾಯ್ ಯುದ್ಧದ ಕಥೆ ಬಲ್ಲವರಿಗೆ ಅಖಾಯರೆಂದರೆ ಹಡಗು ಹತ್ತಿ ದಂಡೆತ್ತಿ ಹೋದ ಗ್ರೀಕರು. ಹೆಸರು ಕೇಳಿದ್ದರೂ ಆ ನೆಲ ಎಲ್ಲಿದೆ, ಹೇಗಿದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಅಥೆನ್ಸ್ ಮತ್ತು ಸ್ಪಾರ್ಟಾದ ಅಬ್ಬರದಲ್ಲಿ ಅಖಾಯ ಮರೆಗೆ ಸರಿದಿದೆ. ಆದರೆ ನೆಲದ ಗುಣ ಜನರ ಬದುಕನ್ನು ಹೇಗೆ ತಿದ್ದುತ್ತದೆ ಎಂದು ನೋಡಲು ಗ್ರೀಸಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದೇ ನಾನು ನಂಬಿದ್ದೇನೆ.

ಇಕ್ಕಟ್ಟಿನ ಕರಾವಳಿ

ಗ್ರೀಸಿನ ದಕ್ಷಿಣಕ್ಕೆ ದ್ವೀಪದಂತೆ ಚಾಚಿಕೊಂಡಿರುವ ಭಾಗ ಪೆಲೊಪೊನ್ನೀಸ್. ಅದರ ಉತ್ತರದ ಅಂಚೇ ಅಖಾಯ. ಎದುರಿಗೆ ಕೊರಿಂಥ್ ಕೊಲ್ಲಿ, ಕೊಲ್ಲಿಯ ಆಚೆ ದಡದಲ್ಲಿ ಡೆಲ್ಫಿಯ ಬೆಟ್ಟಗಳು. ಬೆನ್ನಿಗೆ ಮೂರು ಮಹಾಪರ್ವತಗಳು: 1,926 ಮೀಟರಿನ ಪನಖಾಯ್ಕೊ, 2,224 ಮೀಟರಿನ ಎರಿಮಾಂಥೋಸ್, 2,355 ಮೀಟರಿನ ಖೆಲ್ಮೋಸ್. ಖೆಲ್ಮೋಸನ್ನು ಹಿಂದಿನವರು ಅರೊಆನಿಯಾ ಎನ್ನುತ್ತಿದ್ದರು.

ಪಶ್ಚಿಮದಲ್ಲಿ, ಹಳೆಯ ಡೈಮೆ ಊರಿದ್ದ ಕಡೆ, ನೆಲ ಸ್ವಲ್ಪ ವಿಶಾಲವಾಗಿದೆ. ಪೂರ್ವಕ್ಕೆ ಹೋದಂತೆ ಕರಾವಳಿ ಕಿರಿದಾಗುತ್ತದೆ. ಎಷ್ಟೋ ಕಡೆ ಕಡಲಿಗೂ ಬೆಟ್ಟದ ಬುಡಕ್ಕೂ ಕೆಲವೇ ಕಿಲೋಮೀಟರ್ ಅಂತರ. ಸೆಲಿನೂಸ್, ಕೆರಿನಿಟಿಸ್, ವುರಾಯ್ಕೋಸ್, ಕ್ರಾಥಿಸ್ ಮೊದಲಾದ ಹೊಳೆಗಳು ಬೆಟ್ಟದಿಂದ ನೇರವಾಗಿ ಧುಮುಕಿ, ಹೊತ್ತುತಂದ ಕಲ್ಲು, ಮರಳು, ಮಣ್ಣನ್ನೆಲ್ಲ ಕಡಲಂಚಿನಲ್ಲಿ ಸುರಿಯುತ್ತವೆ. ಆ ಮಣ್ಣಿನ ರಾಶಿಯೇ ಇಲ್ಲಿನ ಬೇಸಾಯದ ಭೂಮಿ. ಇಡೀ ನಾಡಿನಲ್ಲಿ ಒಳ್ಳೆಯ ಹೊಲವಿರುವುದು ಇಂಥ ಹೊಳೆಬಾಯಿಗಳಲ್ಲಿ.

ಪುರಾಣಗಳೂ ಈ ಬೆಟ್ಟಗಳನ್ನು ಬಿಟ್ಟಿಲ್ಲ. ಪುರಾಣವೀರ ಹೆರಾಕ್ಲಿಸ್ ಜೀವಂತ ಹಿಡಿದ ಕಾಡುಹಂದಿ ಎರಿಮಾಂಥೋಸಿನದು. ವರ್ಷವಿಡೀ ಬೆನ್ನಟ್ಟಿದ ಚಿನ್ನದ ಕೊಂಬಿನ ಜಿಂಕೆ ಕೆರಿನಿಯಾದ್ದು. ಖೆಲ್ಮೋಸಿನ ಕಡಿದಾದ ಬಂಡೆಯಿಂದ ಸುಮಾರು 200 ಮೀಟರ್ ಕೆಳಕ್ಕೆ ಬೀಳುವ ಜಲಪಾತವೇ ಸ್ಟಿಕ್ಸ್. ದೇವತೆಗಳೂ ಈ ನೀರಿನ ಮೇಲೆ ಆಣೆ ಇಟ್ಟರೆ ತಪ್ಪುವಂತಿರಲಿಲ್ಲ. ಇದು ಎಂಥ ಪಾತ್ರೆಯನ್ನೂ ಒಡೆಯುವ ವಿಷ, ಕುದುರೆಯ ಗೊರಸಿನಲ್ಲಿ ಮಾತ್ರ ನಿಲ್ಲುತ್ತದೆ, ಅಲೆಕ್ಸಾಂಡರ್ ಸತ್ತದ್ದು ಇದನ್ನು ಕುಡಿದೇ ಎಂಬ ಕಥೆಯೂ ಪ್ರಾಚೀನರಲ್ಲಿ ಹಬ್ಬಿತ್ತು. ಪ್ರಾಚೀನ ಕಾಲದಲ್ಲಿ ಈ ಎತ್ತರದ ಭಾಗಗಳು ನೆರೆಯ ಅರ್ಕೇಡಿಯಾ ನಾಡಿಗೆ ಸೇರಿದ್ದವು. ಇಂದಿನ ಆಡಳಿತದ ಗಡಿ ಅವನ್ನು ಅಖಾಯದೊಳಗೆ ತಂದಿದೆ.

ತೆರೆದುಕೊಳ್ಳುತ್ತಿರುವ ಕೊಲ್ಲಿ

ಇಷ್ಟು ಎತ್ತರದ ಬೆಟ್ಟ ಕಡಲಿಗೆ ಇಷ್ಟು ಹತ್ತಿರ ನಿಂತಿದ್ದೇಕೆ? ಉತ್ತರ ನೆಲದಡಿಯಲ್ಲಿದೆ. ಸುಮಾರು 130 ಕಿಲೋಮೀಟರ್ ಉದ್ದದ ಕೊರಿಂಥ್ ಕೊಲ್ಲಿ ಭೂಮಿಯ ಹೊರಪದರ ಹರಿದು ಉಂಟಾದದ್ದು. ಪೆಲೊಪೊನ್ನೀಸ್ ಮತ್ತು ಉತ್ತರದ ಗ್ರೀಸ್ ಈಗಲೂ ಒಂದರಿಂದೊಂದು ದೂರ ಸರಿಯುತ್ತಿವೆ. ಕೊಲ್ಲಿಯ ಪಶ್ಚಿಮ ಭಾಗದಲ್ಲಿ, ಏಗಿಯೊ ಪಟ್ಟಣದ ಸುತ್ತ, ಈ ವೇಗ ವರ್ಷಕ್ಕೆ ಸುಮಾರು 15 ಮಿಲಿಮೀಟರ್. ಯುರೋಪಿನಲ್ಲಿ ನೆಲ ಇಷ್ಟು ಚುರುಕಾಗಿ ಬಿರಿಯುವ ಜಾಗಗಳು ಬಹಳ ಕಡಿಮೆ. ಇದೇ ವೇಗ ಹಿಂದೆಯೂ ಇತ್ತೆಂದು ಲೆಕ್ಕ ಹಾಕಿದರೆ, ಪ್ಲೇಟೋನ ಕಾಲದಿಂದ ಈಚೆಗೆ ಕೊಲ್ಲಿ 30 ಮೀಟರಿಗೂ ಹೆಚ್ಚು ಅಗಲವಾಗಿರಬೇಕು.

ನೆಲ ಅಡ್ಡಕ್ಕೆ ಸರಿಯುವುದರ ಜೊತೆಗೆ ಮೇಲೆ ಕೆಳಗೂ ಆಗುತ್ತದೆ. ಸಡಿಲವಾದ ಹಾಸುಗಲ್ಲಿನ ಒಂದು ಅಂಚು ತುಳಿದರೆ ಇನ್ನೊಂದು ಅಂಚು ಏಳುವ ಹಾಗೆ, ಬಿರುಕಿನ ಒಂದು ಬದಿ ಕುಸಿದಾಗ ಇನ್ನೊಂದು ಬದಿ ಮೇಲೇಳುತ್ತದೆ. ಕುಸಿದದ್ದು ಕೊಲ್ಲಿಯ ತಳ. ಅದರ ಆಳ ಈಗ ಸುಮಾರು 900 ಮೀಟರ್. ಎದ್ದದ್ದು ಅಖಾಯದ ಬೆಟ್ಟಗಳು. ಒಂದು ಕಾಲಕ್ಕೆ ಹೊಳೆಬಾಯಿಯಲ್ಲಿ, ನೀರಿನ ಮಟ್ಟದಲ್ಲಿ ಹರಡಿದ್ದ ಉರುಟುಗಲ್ಲಿನ ಪದರಗಳು ಇಂದು ಸಾವಿರ ಮೀಟರಿಗೂ ಮೇಲೆ ಬಂಡೆಗೋಡೆಗಳಾಗಿ ನಿಂತಿವೆ. ಕಮರಿಯ ರೈಲಿನ ಕಿಟಕಿಯಿಂದ ಆ ಗೋಡೆಗಳು ಕಾಣುತ್ತವೆ. ನದಿಯಲ್ಲಿ ಉರುಳಿ ನುಣುಪಾದ ಕಲ್ಲುಗಳು, ಗಾರೆಯಲ್ಲಿ ಕೂರಿಸಿದಂತೆ, ತಲೆಯ ಮೇಲೆ ಎತ್ತರದಲ್ಲಿ ಸಾಲುಗಟ್ಟಿವೆ.

ಬಿರುಕಿನ ಈ ಏರಿಳಿತ ಒಂದೇ ಸಮ ನಡೆಯುವುದಿಲ್ಲ. ಒತ್ತಡ ಹತ್ತಾರು, ನೂರಾರು ವರ್ಷ ಕೂಡಿ ಒಮ್ಮೆಗೇ ಬಿಡುಗಡೆಯಾಗುತ್ತದೆ. 1861ರ ಡಿಸೆಂಬರ್ 26ರಂದು ಹೀಗಾಯಿತು. ಆಗ ಅಥೆನ್ಸ್ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದ ಯೂಲಿಯುಸ್ ಶ್ಮಿಟ್ ಸ್ಥಳಕ್ಕೆ ಬಂದು, ಬೆಟ್ಟದ ಬುಡದಲ್ಲಿ ಮೈಲುಗಟ್ಟಲೆ ಬಿರಿದಿದ್ದ ನೆಲದ ನಕ್ಷೆ ಬರೆದ. ಕಡಲಂಚಿನ ನೆಲದ ಪಟ್ಟಿಯೊಂದು ನೀರಿಗೆ ಸರಿದುಹೋಗಿತ್ತು. 1995ರ ಜೂನ್ 15ರ ನಸುಕಿನಲ್ಲಿ ಏಗಿಯೊ ಮತ್ತೆ ನಡುಗಿತು. 26 ಜನ ಸತ್ತರು.

ಹನ್ನೆರಡು ಊರು, ಒಂದು ದೇವರು

ಕ್ರಿ.ಪೂ. 5ನೇ ಶತಮಾನದ ಇತಿಹಾಸಕಾರ ಹೆರೊಡೋಟಸ್ ಅಖಾಯದ ಹನ್ನೆರಡು ಊರುಗಳನ್ನು ಪೂರ್ವದಿಂದ ಪಶ್ಚಿಮಕ್ಕೆ ಎಣಿಸುತ್ತಾನೆ. ಪೆಲ್ಲೀನೆಯಿಂದ ಶುರುವಾಗುವ ಪಟ್ಟಿಯಲ್ಲಿ ಏಗೈ, ಬುರಾ, ಹೆಲಿಕೆ, ಏಗಿಯೊನ್, ಪಾತ್ರೆ, ಡೈಮೆ ಇವೆ. ಪಾತ್ರೆ ಎಂದರೆ ಇಂದಿನ ಪಾತ್ರಾಸ್ ನಗರ. ಏಗಿಯೊನ್ ಇಂದಿನ ಏಗಿಯೊ. ಇಲ್ಲಿ ಮೊದಲು ಅಯೋನಿಯರೆಂಬ ಗ್ರೀಕ್ ಕುಲದವರು ಇದ್ದರು, ಅಖಾಯರು ಬಂದು ಅವರನ್ನು ಓಡಿಸಿದರು, ಅವರು ಕಡಲು ದಾಟಿ ಇಂದಿನ ಟರ್ಕಿಯ ಕರಾವಳಿಯಲ್ಲಿ ಮತ್ತೆ ಹನ್ನೆರಡೇ ಊರು ಕಟ್ಟಿದರು ಎಂಬುದು ಅವನು ದಾಖಲಿಸಿದ ಐತಿಹ್ಯ. ಅದಕ್ಕೂ ಹಿಂದಿನ ಕಾಲದ ಜನವಸತಿಗೆ ಸಾಕ್ಷಿಯಾಗಿ ಪಶ್ಚಿಮದ ಅರಾಕ್ಸೋಸ್ ಭೂಶಿರದ ಬಳಿ ಮೈಸೀನಿಯನ್ ಯುಗದ ಕೋಟೆಯ ದಪ್ಪ ಕಲ್ಲುಗೋಡೆ ಈಗಲೂ ನಿಂತಿದೆ.

ಊರು ಹನ್ನೆರಡಿದ್ದರೂ ಪ್ರತಿ ಊರಿಗೆ ಸಿಕ್ಕ ನೆಲ ಒಂದು ಹೊಳೆಬಾಯಿ, ಅದರ ಹಿಂದಿನ ಒಂದು ಕಣಿವೆ, ಅಷ್ಟೆ. ಯಾವ ಊರೂ ಇನ್ನೊಂದನ್ನು ನುಂಗುವಷ್ಟು ಬೆಳೆಯಲಿಲ್ಲ. ಮನೆಮಂದಿ ಹೆಚ್ಚಿದಾಗ ಉಳಿದ ದಾರಿ ಕಡಲು. ಕ್ರಿ.ಪೂ. 8ನೇ ಶತಮಾನದ ಕೊನೆಯ ದಶಕಗಳಲ್ಲಿ ಇಲ್ಲಿಂದ ಹೊರಟವರು ದಕ್ಷಿಣ ಇಟಲಿಯಲ್ಲಿ ಸಿಬಾರಿಸ್ ಮತ್ತು ಕ್ರೋಟನ್ ನಗರಗಳನ್ನು ಕಟ್ಟಿದರು. ಸಿಬಾರಿಸ್ ಸ್ಥಾಪಕ ಹೆಲಿಕೆಯವನು ಎನ್ನುತ್ತಾನೆ ಭೂಗೋಳಕಾರ ಸ್ಟ್ರಾಬೊ. ಭೋಗಜೀವನಕ್ಕೆ ಹೆಸರಾಗಿ ಸಿಬಾರಿಸ್ ಗಾದೆಯಾಯಿತು. ಕ್ರೋಟನ್‌ನಲ್ಲಿ ಪೈಥಾಗೊರಸ್ ತನ್ನ ಶಿಷ್ಯರ ಪಂಥ ಕಟ್ಟಿದ. ವಲಸೆ ಹೋದವರು ಅಲ್ಲಿನ ಹೊಳೆಗೂ ತವರಿನ ಕ್ರಾಥಿಸ್ ಹೆಸರನ್ನೇ ಇಟ್ಟರು.

ಹನ್ನೆರಡು ಊರುಗಳಲ್ಲಿ ಹಿರಿಮೆ ಹೆಲಿಕೆಯದು. ಅಲ್ಲಿದ್ದ ದೇವರು ಪೊಸೈಡನ್, ಕಡಲಿನ ಒಡೆಯ. ಕುದುರೆಯೂ ಅವನದೇ, ಭೂಕಂಪವೂ ಅವನದೇ. ನೆಲ ನಡುಗಿಸುವವನು ಎಂದೇ ಗ್ರೀಕರು ಅವನನ್ನು ಕರೆಯುತ್ತಿದ್ದರು. ಹೆಲಿಕೆಯಲ್ಲಿ ಅವನಿಗೆ ಸಲ್ಲುವ ಕಾಣಿಕೆಯ ಮಾತು ಇಲಿಯಡ್‌ನಲ್ಲೇ ಬರುತ್ತದೆ. ಓಡಿಹೋದ ಅಯೋನಿಯರೂ ಹೊಸ ನೆಲದಲ್ಲಿ ಪೂಜಿಸಿದ್ದು ಇದೇ ಹೆಲಿಕೆಯ ಪೊಸೈಡನ್ನನ್ನೆಂದು ಪ್ರಾಚೀನರು ನಂಬಿದ್ದರು.

ಹೆಲಿಕೆ ಮುಳುಗಿದ ರಾತ್ರಿ

ಕ್ರಿ.ಪೂ. 373ರ ಚಳಿಗಾಲ. ಕಡಲಿನಿಂದ ಸುಮಾರು ಎರಡು ಕಿಲೋಮೀಟರ್ ಒಳಗಿದ್ದ ಹೆಲಿಕೆ ನಿದ್ದೆಯಲ್ಲಿತ್ತು. ರಾತ್ರಿ ನೆಲ ನಡುಗಿ ಮನೆಗಳು ಬಿದ್ದವು; ಅದರ ಬೆನ್ನಿಗೇ ಕಡಲು ಉಕ್ಕಿ ಬಂತು. ಊರು, ಊರಿಗೂ ಕಡಲಿಗೂ ನಡುವಿದ್ದ ಹೊಲ, ಎಲ್ಲವನ್ನೂ ನೀರು ಮುಚ್ಚಿತು. ಪೊಸೈಡನ್ನನ ಪವಿತ್ರ ತೋಪಿನಲ್ಲಿ ಮರಗಳ ತುದಿ ಮಾತ್ರ ಕಾಣುತ್ತಿತ್ತಂತೆ. ಉಳಿದ ಊರುಗಳವರು 2,000 ಜನರನ್ನು ಕಳಿಸಿದರು, ಆದರೆ ಹೆಣಗಳನ್ನು ತೆಗೆಯಲು ಆಗಲಿಲ್ಲ. ಹೆಲಿಕೆಯ ನೆಲವನ್ನು ನೆರೆಯವರು ಹಂಚಿಕೊಂಡರು. ಬೆಟ್ಟದ ಮೇಲಿದ್ದ ಬುರಾ ಕೂಡ ಆ ರಾತ್ರಿಯೇ ಕುಸಿಯಿತು. ಅದೇ ವರ್ಷ ಕೊಲ್ಲಿಯ ಆಚೆ ಡೆಲ್ಫಿಯ ಅಪೊಲೊ ದೇವಾಲಯವೂ ನಾಶವಾಯಿತು. ಅದಕ್ಕೂ ಭೂಕಂಪವೇ ಕಾರಣ ಎನ್ನುವ ವಿದ್ವಾಂಸರಿದ್ದಾರೆ.

ಈ ವಿವರಗಳಲ್ಲಿ ಕೆಲವನ್ನು ಮೊದಲು ಬರೆದಿಟ್ಟವನು ಹೆರಾಕ್ಲೈಡಿಸ್, ಪ್ಲೇಟೋನ ಶಿಷ್ಯ. ಘಟನೆ ತನ್ನ ಜೀವಿತಕಾಲದಲ್ಲೇ ನಡೆಯಿತು ಎಂದು ಅವನು ಹೇಳಿದ್ದನ್ನು ಸ್ಟ್ರಾಬೊ ಉಳಿಸಿಕೊಟ್ಟಿದ್ದಾನೆ. ಒಂದೇ ಹಗಲು ರಾತ್ರಿಯಲ್ಲಿ ಕಡಲಿಗಿಳಿದ ಅಟ್ಲಾಂಟಿಸ್‌ನ ಕಥೆಯನ್ನು ಪ್ಲೇಟೊ ಬರೆದದ್ದು ಹೆಲಿಕೆ ಮುಳುಗಿದ ಮೇಲೆ. ಎರಡಕ್ಕೂ ನಂಟು ಹಾಕಬಹುದೇ ಎಂಬ ಚರ್ಚೆ ಇಂದಿಗೂ ನಡೆದಿದೆ.

ದುರಂತಕ್ಕೆ ಐದು ದಿನ ಮೊದಲೇ ಇಲಿ, ಹಾವು, ಜರಿಗಳೆಲ್ಲ ಊರು ಬಿಟ್ಟು ನೆರೆಯ ಕೆರಿನಿಯಾ ಊರಿನ ದಾರಿ ಹಿಡಿದವು ಎಂಬ ಮಾತನ್ನು ಪ್ರಾಣಿಗಳ ಮುನ್ಸೂಚನೆ ಕುರಿತ ಲೇಖನಗಳೆಲ್ಲ ಉದ್ಧರಿಸುತ್ತವೆ. ಅದನ್ನು ಬರೆದ ಏಲಿಯನ್ ಎಂಬ ಲೇಖಕ ಇದ್ದದ್ದು ಐದು ಶತಮಾನಗಳಿಗೂ ಹೆಚ್ಚು ಕಾಲದ ಆಮೇಲೆ. ಅವನೊಬ್ಬನ ಮಾತಿಗೆ ಹೆಚ್ಚು ಭಾರ ಹಾಕಲಾಗದು. ಬಂದರಿನಲ್ಲಿದ್ದ ಸ್ಪಾರ್ಟಾದ ಹತ್ತು ಹಡಗುಗಳು ಮುಳುಗಿದವು ಎಂದವನೂ ಅವನೇ. ಹೆಲಿಕೆ ಮುಳುಗಿದ ಕಾಲದ ಜನ ಕಾರಣ ಹುಡುಕಿದ್ದು ದೇವರ ಸಿಟ್ಟಿನಲ್ಲಿ. ಗುಡಿಯಲ್ಲಿ ಶರಣು ಬಂದವರನ್ನು ಎಳೆದು ಕೊಂದರು, ಅದಕ್ಕೆ ಪೊಸೈಡನ್ ಮುನಿದ ಎಂದು ಕೆಲವರು. ಅಯೋನಿಯರು ಪೂಜೆಯ ವಿಚಾರದಲ್ಲಿ ಕೇಳಿಕೊಂಡದ್ದನ್ನು ಹೆಲಿಕೆಯವರು ತಳ್ಳಿಹಾಕಿದ್ದಕ್ಕೆ ಎಂದು ಕೆಲವರು.

ಇಂದಿನ ವಿವರಣೆ ಮಣ್ಣಿನಿಂದ ಶುರುವಾಗುತ್ತದೆ. ಊರು ನಿಂತಿದ್ದದ್ದು ಎರಡು ಹೊಳೆಗಳು ತಂದು ಹಾಸಿದ ಸಡಿಲ ಮಣ್ಣಿನ ಮೇಲೆ. ನೀರು ತುಂಬಿದ ಮರಳು ಬಲವಾಗಿ ಅಲುಗಿದರೆ ಗಟ್ಟಿತನ ಕಳೆದುಕೊಂಡು ದ್ರವದಂತಾಗುತ್ತದೆ, ಕಡಲಿನ ಕಡೆಗೆ ಜಾರುತ್ತದೆ. ನೆಲ ತಗ್ಗಿದಲ್ಲಿ ಅಲೆ ನುಗ್ಗಿ ನಿಲ್ಲುತ್ತದೆ.

ನಾಲ್ಕು ಊರುಗಳ ಒಪ್ಪಂದ

ಹಿರಿಯ ಊರು ಹೋದ ಮೇಲೆ ಅಖಾಯರ ಸಭೆ ಏಗಿಯೊನ್‌ಗೆ ಸರಿಯಿತು, ಅಲ್ಲಿನ ಜ್ಯೂಸ್ ದೇವರ ತೋಪಿಗೆ. ಅಲೆಕ್ಸಾಂಡರನ ನಂತರದ ಮ್ಯಾಸಿಡೋನಿಯದ ರಾಜರು ಊರೂರಿಗೆ ಕಾವಲು ಪಡೆ ಹಾಕಿ, ಸರ್ವಾಧಿಕಾರಿಗಳನ್ನು ಕೂರಿಸಿ, ಈ ಊರುಗಳ ಹಳೆಯ ಒಕ್ಕೂಟವನ್ನು ಚದುರಿಸಿದರು. ಕ್ರಿ.ಪೂ. 280ರಲ್ಲಿ ಪಾತ್ರೆ, ಡೈಮೆ, ಟ್ರಿಟೈಯಾ, ಫಾರೆ ಎಂಬ ನಾಲ್ಕು ಊರುಗಳು ಮತ್ತೆ ಕೈಜೋಡಿಸಿದವು. ಐದು ವರ್ಷಗಳ ನಂತರ ಏಗಿಯೊನ್ ತನ್ನಲ್ಲಿ ಬೀಡುಬಿಟ್ಟಿದ್ದ ಕಾವಲು ಪಡೆಯನ್ನು ಹೊರದಬ್ಬಿ ಸೇರಿಕೊಂಡಿತು.

ಇದು ಅಲ್ಲಿಗೇ ನಿಂತಿದ್ದರೆ ಸ್ಥಳೀಯ ಸುದ್ದಿಯಾಗಿ ಉಳಿಯುತ್ತಿತ್ತು. ತಿರುವು ಕೊಟ್ಟವನು ಪಕ್ಕದ ಸಿಕಿಯೋನ್ ನಗರದ ಅರಾಟಸ್, ಇಪ್ಪತ್ತರ ತರುಣ. ಕ್ರಿ.ಪೂ. 251ರ ಒಂದು ರಾತ್ರಿ, ಬಿಡಿಸಿ ಜೋಡಿಸಬಲ್ಲ ಏಣಿಗಳನ್ನು ಹೊತ್ತ ಸಣ್ಣ ಪಡೆಯೊಂದಿಗೆ ಅವನು ತನ್ನೂರಿನ ಗೋಡೆಯ ಬಳಿ ಬಂದ. ಗೋಡೆಗೆ ತಾಗಿ ಒಬ್ಬ ತೋಟಗಾರನ ಮನೆ. ಅವನ ನಾಯಿಗಳು ಚಿಕ್ಕವು, ಆದರೆ ಬೊಗಳುವುದರಲ್ಲಿ ಬಿಡುವಿಲ್ಲದವು. ತೋಟಗಾರನನ್ನು ಹಿಡಿದು ಕೂಡಿಹಾಕಿದರು, ನಾಯಿಗಳು ಮಾತ್ರ ಸಿಗಲಿಲ್ಲ. ಅವು ಬೊಗಳುತ್ತಿರುವಾಗಲೇ ಏಣಿ ಹತ್ತಿ ಒಳಗಿಳಿದು, ಬೆಳಗಾಗುವಷ್ಟರಲ್ಲಿ ಸರ್ವಾಧಿಕಾರಿಯನ್ನು ಓಡಿಸಿದರು ಎಂದು ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆಯುತ್ತಾನೆ. ಆಮೇಲೆ ಅರಾಟಸ್ ತನ್ನ ನಗರವನ್ನು ಅಖಾಯ ಒಕ್ಕೂಟಕ್ಕೆ ಸೇರಿಸಿದ. ಸಿಕಿಯೋನಿನವರು ಡೋರಿಯನ್ ಕುಲದವರು, ಅಖಾಯರಲ್ಲ. ಕುಲ ಬೇರೆಯಾದರೂ ಸಮಾನವಾಗಿ ಸೇರಬಹುದು ಎಂಬುದು ಅಂದಿನಿಂದ ಒಕ್ಕೂಟದ ನಡೆಯಾಯಿತು. 243ರಲ್ಲಿ ಕೊರಿಂಥ್ ಬಂತು. ಕೊನೆಗೆ 192ರಲ್ಲಿ ಸ್ಪಾರ್ಟಾವೂ ಸೇರಬೇಕಾಯಿತು.

ಪ್ರತಿ ಊರಿಗೂ ತನ್ನದೇ ಪಂಚಾಯಿತಿ, ತನ್ನದೇ ಕಾನೂನು ಇತ್ತು. ಯುದ್ಧ, ಸಂಧಿ, ಹೊರನಾಡಿನ ವ್ಯವಹಾರ ಒಕ್ಕೂಟದ ಸಭೆಯ ಕೈಯಲ್ಲಿ. ಮೊದಲು ಇಬ್ಬರು, ಕ್ರಿ.ಪೂ. 255ರಿಂದ ಒಬ್ಬನೇ ದಂಡನಾಯಕ. ಅಧಿಕಾರ ಒಂದು ವರ್ಷ, ಮರುವರ್ಷ ಅದೇ ವ್ಯಕ್ತಿ ಕೂರುವಂತಿಲ್ಲ. ಅರಾಟಸ್ ಒಂದು ವರ್ಷ ಬಿಟ್ಟು ಒಂದು ವರ್ಷ ಎಂಬಂತೆ ಮತ್ತೆ ಮತ್ತೆ ಆಯ್ಕೆಯಾಗಿ ಬಂದ. ಅಳತೆ, ತೂಕ, ನಾಣ್ಯ ಎಲ್ಲೆಡೆ ಒಂದೇ. ಸುತ್ತ ಒಂದು ಗೋಡೆ ಇಲ್ಲವೆಂಬುದನ್ನು ಬಿಟ್ಟರೆ ಪೆಲೊಪೊನ್ನೀಸ್ ಒಂದೇ ನಗರದಂತಾಗಿತ್ತು ಎಂಬುದು ಇತಿಹಾಸಕಾರ ಪೊಲಿಬಿಯಸ್‌ನ ಅಭಿಮಾನದ ಮಾತು. ಅವನ ತಂದೆಯೂ ದಂಡನಾಯಕನಾಗಿದ್ದವನು, ಹಾಗಾಗಿ ಅಭಿಮಾನವನ್ನು ಸ್ವಲ್ಪ ಕಳೆದೇ ಓದಬೇಕು. ಆದರೂ ದೊಡ್ಡ ರಾಜನಿಲ್ಲದೆ, ಒಂದು ಊರು ಇನ್ನೊಂದರ ಯಜಮಾನನಾಗದೆ, ಇಷ್ಟು ಊರುಗಳು ಇಷ್ಟು ಕಾಲ ಕೂಡಿ ಬಾಳಿದ್ದು ಆ ಕಾಲಕ್ಕೆ ಬಲು ದೊಡ್ಡದು. 1787ರಲ್ಲಿ ಅಮೆರಿಕದ ಸಂವಿಧಾನದ ಪರ ಬರೆದ ಫೆಡರಲಿಸ್ಟ್ ಲೇಖನಮಾಲೆಯ 18ನೇ ಕಂತು ಅಖಾಯ ಒಕ್ಕೂಟವನ್ನು ಎದುರಿಗಿಟ್ಟುಕೊಂಡೇ ವಾದ ಹೂಡುತ್ತದೆ.

ಅಂತ್ಯ ರೋಮಿನಿಂದ ಬಂತು. ಕ್ರಿ.ಪೂ. 167ರಲ್ಲಿ ಪೊಲಿಬಿಯಸ್ ಸೇರಿದಂತೆ ಸಾವಿರ ಅಖಾಯರನ್ನು ಇಟಲಿಗೆ ಒತ್ತೆಯಾಳಾಗಿ ಒಯ್ದರು. ಹದಿನಾರು ಹದಿನೇಳು ವರ್ಷಗಳ ಬಳಿಕ ತವರು ಕಂಡವರು 300ಕ್ಕೂ ಕಡಿಮೆ. 146ರಲ್ಲಿ ಒಕ್ಕೂಟ ರೋಮಿನ ವಿರುದ್ಧ ನಿಂತು ಸೋತಿತು, ಸೇನಾನಿ ಮುಮ್ಮಿಯಸ್ ಕೊರಿಂಥ್ ನಗರವನ್ನು ಸುಟ್ಟ. ಮುಂದೆ ರೋಮನ್ನರು ಗ್ರೀಸಿನ ಪ್ರಾಂತ್ಯಕ್ಕೇ ಅಖಾಯ ಎಂದು ಹೆಸರಿಟ್ಟರು, ಸೋಲುವಾಗ ಗ್ರೀಕರ ಮುಂದಾಳುಗಳಾಗಿದ್ದವರು ಅಖಾಯರೆಂಬ ಕಾರಣಕ್ಕೆ. ಪೌಲನ ಪತ್ರಗಳ ಅಖಾಯ ಈ ದೊಡ್ಡ ಪ್ರಾಂತ್ಯ.

ಪೌಸಾನಿಯಸ್ ಕಂಡ ಸಂತೆ

ಕ್ರಿ.ಶ. 2ನೇ ಶತಮಾನದಲ್ಲಿ ಪೌಸಾನಿಯಸ್ ಎಂಬ ಪ್ರವಾಸಿ ಈ ಕರಾವಳಿಯುದ್ದಕ್ಕೂ ಸಾಗಿದ. ತನ್ನ ಗ್ರೀಸ್ ವರ್ಣನೆಯ ಏಳನೇ ಸಂಪುಟವನ್ನು ಅಖಾಯಕ್ಕೇ ಮೀಸಲಿಟ್ಟ. ರಾಜಕೀಯ ಮುಗಿದ ಮೇಲೆ ಸಾಮಾನ್ಯರು ಹೇಗೆ ಬದುಕುತ್ತಿದ್ದರು ಎಂಬುದು ಅವನ ಪುಟಗಳಲ್ಲಿದೆ. ಪಾತ್ರೆಯಲ್ಲಿ ಗಂಡಸರಿಗಿಂತ ಹೆಂಗಸರು ಎರಡು ಪಟ್ಟು, ಪಕ್ಕದ ಎಲಿಸ್‌ನಿಂದ ಬರುವ ನವಿರಾದ ನಾರಿನಿಂದ ತಲೆಯ ಬಲೆ, ಬಟ್ಟೆ ನೇಯ್ದು ಹೊಟ್ಟೆ ಹೊರೆಯುತ್ತಾರೆ ಎಂದು ಬರೆದಿದ್ದಾನೆ. ಅಲ್ಲಿನ ಡಿಮೀಟರ್ ದೇವಿಯ ಗುಡಿಯ ಮುಂದೆ ಒಂದು ಬುಗ್ಗೆ. ಕಾಯಿಲೆಯವರ ಪರವಾಗಿ ಕನ್ನಡಿಗೆ ದಾರ ಕಟ್ಟಿ, ಅದರ ಅಂಚು ನೀರಿಗೆ ತಾಗುವಷ್ಟೇ ಇಳಿಬಿಟ್ಟು, ಧೂಪ ಹಾಕಿ ನೋಡುತ್ತಿದ್ದರು. ರೋಗಿ ಬದುಕುವನೋ ಇಲ್ಲವೋ ಕನ್ನಡಿಯಲ್ಲಿ ಕಾಣುತ್ತಿತ್ತಂತೆ.

ಫಾರೆ ಊರಿನ ಕಣಿ ಕೇಳುವ ಪದ್ಧತಿ ಇನ್ನೂ ಸೊಗಸು. ಸಂತೆಯ ನಡುವೆ ಗಡ್ಡದ ಹರ್ಮಿಸ್ ದೇವರ ಕಲ್ಲು. ಸಂಜೆ ಬಂದು, ಧೂಪ ಹಾಕಿ, ದೀಪಗಳಿಗೆ ಎಣ್ಣೆ ತುಂಬಿ ಹಚ್ಚಿ, ಒಂದು ತಾಮ್ರದ ಕಾಸಿಟ್ಟು, ದೇವರ ಕಿವಿಯಲ್ಲಿ ಪ್ರಶ್ನೆ ಹೇಳಬೇಕು. ತನ್ನ ಕಿವಿ ಮುಚ್ಚಿಕೊಂಡು ಸಂತೆಯಿಂದ ಹೊರಗೆ ಬಂದು ಕೈ ತೆಗೆಯಬೇಕು. ಮೊದಲು ಕಿವಿಗೆ ಬಿದ್ದ ಮಾತೇ ಉತ್ತರ.

ಹೆಲಿಕೆಯ ಜಾಗದಲ್ಲಿ ಪೌಸಾನಿಯಸ್‌ಗೆ ನೀರಿನಡಿಯಲ್ಲಿ ಉಪ್ಪು ತಿಂದ ಕಲ್ಲುಗಳು ಕಂಡವು. ಅವನಿಗಿಂತ ನಾಲ್ಕು ಶತಮಾನ ಹಿಂದೆ ಭೂಗೋಳಕಾರ ಎರಟೋಸ್ಥೆನಿಸ್‌ಗೆ ಅಲ್ಲಿನ ದೋಣಿಯವರು, ಪೊಸೈಡನ್ನನ ಕಂಚಿನ ವಿಗ್ರಹ ನೀರಿನಲ್ಲಿ ನೆಟ್ಟಗೆ ನಿಂತಿದೆ, ಮೀನಿನ ಬಲೆಗೆ ಸಿಕ್ಕಿಕೊಳ್ಳುತ್ತದೆ ಎಂದು ಹೇಳಿದ್ದರಂತೆ.

ಬಲೆಗೆ ಸಿಗದ್ದು ಕೊಳವೆಗೆ ಸಿಕ್ಕಿತು

ಈ ಸಾಕ್ಷ್ಯಗಳನ್ನು ನಂಬಿ 20ನೇ ಶತಮಾನದ ಶೋಧಕರು ಕಡಲಲ್ಲಿ ಹುಡುಕಿದರು. ಗ್ರೀಸಿನ ಹೆಸರಾಂತ ಪುರಾತತ್ವಜ್ಞ ಸ್ಪಿರಿಡಾನ್ ಮರಿನಾಟೋಸ್‌ಗೆ ಹೆಲಿಕೆಯ ಹಂಬಲ ಬಹಳವಿತ್ತು. ಶೋಧಕರಾದ ಡೋರಾ ಕಟ್ಸೊನೊಪುಲು ಮತ್ತು ಸ್ಟೀವನ್ ಸೋಟರ್ 1988ರಲ್ಲಿ ಸದ್ದಿನ ಅಲೆಗಳಿಂದ ಕಡಲತಳವನ್ನು ಜಾಲಾಡಿದರು, ಊರಿನ ಗುರುತಿಲ್ಲ. ಆಗ ಅವರು ಬೇರೆ ದಿಕ್ಕಿನಲ್ಲಿ ಯೋಚಿಸಿದರು. ಊರನ್ನು ಮುಚ್ಚಿದ್ದು ತೆರೆದ ಕಡಲಲ್ಲ, ತಗ್ಗಿದ ನೆಲದಲ್ಲಿ ನಿಂತ ಹಿನ್ನೀರು ಇದ್ದಿರಬಹುದು. ಹೊಳೆಗಳು ಆ ಹಿನ್ನೀರನ್ನು ಹೂಳಿನಿಂದ ತುಂಬಿಸಿದ್ದರೆ ಊರು ಈಗ ತೋಟಗಳ ಕೆಳಗಿರಬೇಕು.

1991ರಿಂದ ಹೊಲ, ತೋಟಗಳಲ್ಲಿ ಕೊಳವೆ ಕೊರೆದು ಮಣ್ಣಿನ ಮಾದರಿ ತೆಗೆದರು. ಆಳದಲ್ಲಿ ಮಡಕೆ ಚೂರು, ಇಟ್ಟಿಗೆ ಸಿಗತೊಡಗಿದವು. 2001ರಲ್ಲಿ ರಿಜೊಮಿಲೊಸ್ ಹಳ್ಳಿಯ ಬಳಿ ಹೆಲಿಕೆ ಮುಳುಗಿದ ಕಾಲದ ಕಟ್ಟಡಗಳ ಅವಶೇಷ, ಅವನ್ನು ಮುಚ್ಚಿದ ಹಿನ್ನೀರಿನ ಕೆಸರು ಹೊರಬಂದವು. ಅಲ್ಲಿಂದ ಸ್ವಲ್ಪ ದೂರದಲ್ಲಿ ಅದಕ್ಕಿಂತ ಎರಡು ಸಾವಿರ ವರ್ಷ ಹಳೆಯ, ಕಂಚಿನ ಯುಗದ ಇನ್ನೊಂದು ಊರು ಸಿಕ್ಕಿತು, ಅದೂ ಹೂಳಿನಡಿಯಲ್ಲಿ. ಕ್ರಿ.ಪೂ. 373ರ ದುರಂತದ ನಂತರದ ಪದರದಲ್ಲಿ ಬಟ್ಟೆಗೆ ಬಣ್ಣ ಕಟ್ಟುವ ಕಾರ್ಖಾನೆ, ಅದರ ಮೇಲೆ ರೋಮನ್ ಕಾಲದ ರಸ್ತೆ. ಅಂದರೆ ಜನ ಇಲ್ಲಿಂದ ಹೋಗಿಬಿಡಲಿಲ್ಲ, ಮತ್ತೆ ಮತ್ತೆ ಬಂದರು.

ಯಾಕೆಂದು ನೆಲವೇ ತೋರಿಸುತ್ತದೆ. ನೆಲ ನಡುಗಿಸುವ ಬಿರುಕಿನ ಬುಡದಲ್ಲೇ ಸಿಹಿನೀರಿನ ಬುಗ್ಗೆಗಳಿವೆ. ಬೆಟ್ಟ ಎದ್ದಷ್ಟೂ ಹೊಳೆ ಅದನ್ನು ಕೊರೆದು ಹೊಸ ಮಣ್ಣು ತರುತ್ತದೆ. ಪೂರ್ವ ಪಶ್ಚಿಮವಾಗಿ ಓಡಾಡುವವರಿಗೆ ಕರಾವಳಿಯ ಈ ಕಿರಿದಾದ ಪಟ್ಟಿ ಬಿಟ್ಟರೆ ಸುಲಭದ ದಾರಿಯಿಲ್ಲ. ಇಂದಿಗೂ ಅಥೆನ್ಸ್–ಪಾತ್ರಾಸ್ ಹೆದ್ದಾರಿ, ರೈಲು ಹಳಿ, ಒಣದ್ರಾಕ್ಷಿಗೆ ಹೆಸರಾದ ಏಗಿಯೊದ ದ್ರಾಕ್ಷಿ ತೋಟಗಳು ಎಲ್ಲ ಈ ಪಟ್ಟಿಯಲ್ಲೇ ಇಕ್ಕಟ್ಟಾಗಿವೆ.

ನೆಲದ ಗುಣ ಅರಿತು ಕಟ್ಟಿದ ಉದಾಹರಣೆಯೂ ಇಲ್ಲಿದೆ. ಪಾತ್ರಾಸ್ ಬಳಿಯ ರಿಯೊದಿಂದ ಆಚೆ ದಡದ ಆಂಟಿರಿಯೊಗೆ 2004ರಲ್ಲಿ ತೆರೆದ 2,880 ಮೀಟರ್ ಉದ್ದದ ಸೇತುವೆಯ ಕಂಬಗಳನ್ನು ಕಡಲತಳಕ್ಕೆ ಬಿಗಿದಿಲ್ಲ. ಉಕ್ಕಿನ ಕೊಳವೆ ನೆಟ್ಟು ಗಟ್ಟಿಮಾಡಿದ ತಳದ ಮೇಲೆ ಜಲ್ಲಿ ಹಾಸಿ, ಅದರ ಮೇಲೆ ಕೂರಿಸಿದ್ದಾರೆ. ಭೂಕಂಪದಲ್ಲಿ ಅವು ಜಾರಬಲ್ಲವು. ಪಕ್ಕಪಕ್ಕದ ಎರಡು ಕಂಬಗಳ ನಡುವೆ ನೆಲ ಎರಡು ಮೀಟರ್ ಸರಿದರೂ ತಡೆಯಬೇಕು ಎಂಬ ಲೆಕ್ಕದಲ್ಲಿ ಕಟ್ಟಿದ ಸೇತುವೆ ಅದು.

ಹೆಲಿಕೆಗೆ ಅಂಥ ಕಾಳಜಿ ಇನ್ನೂ ಪೂರ್ತಿಯಾಗಿ ಸಿಕ್ಕಿಲ್ಲ. ಕಟ್ಟಡ, ರಸ್ತೆ, ಹಳಿಗಳ ಒತ್ತಡದಿಂದಾಗಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2004ರಲ್ಲಿ ಈ ಜಾಗವನ್ನು ಅಪಾಯದಲ್ಲಿರುವ ನೂರು ತಾಣಗಳ ಪಟ್ಟಿಗೆ ಸೇರಿಸಿತು, 2006ರಲ್ಲಿ ಮತ್ತೊಮ್ಮೆ ಸೇರಿಸಿತು. ಅಗೆದದ್ದು ಸ್ವಲ್ಪ, ಅಗೆಯಬೇಕಾದ್ದು ಬಹಳ. ಮುಳುಗಿದ ಊರಿನ ಹೆಚ್ಚಿನ ಪಾಲು ಇಂದಿಗೂ ರೈತರ ಆಲಿವ್, ನಿಂಬೆ ತೋಟಗಳ ಕೆಳಗೆ, ಕೆಲವೇ ಮೀಟರ್ ಆಳದಲ್ಲಿದೆ. ಮೇಲೆ ಕಾಂಕ್ರೀಟ್ ಬೀಳುವ ಮೊದಲು ಅಲ್ಲಿ ಅಗೆತ ಮುಂದುವರಿಯಬೇಕು.